ಗೋವಾಕ್ಕೆ ದಾರಿ ತೋರಿಸಿದ ಹೊನ್ನಾವರ

ಚುನಾವಣೆ ಮುಗಿದಿತ್ತು, ಗಂಟಲು ಕೂತಿತ್ತು, ಎರಡು ದಿನ ರಜೆ ಸಿಕ್ತು. ಎಲ್ಲರೂ ಗೋವಾಕ್ಕೆ ಹೋಗು ಅಂದರು. ನಾನು ಹೊನ್ನಾವರದಲ್ಲೇ ಇಳಿದೆ. ನಮ್ಮಲ್ಲಿ ಬಹಳ ಜನಕ್ಕೆ ಹೊನ್ನಾವರ ಅಂದರೆ ಮುರ್ಡೇಶ್ವರಕ್ಕೆ ಹೋಗುವಾಗ ಟೀ ಕುಡಿಯೋ ಊರು, ಅಲ್ವಾ? ನನಗೂ ಅಷ್ಟೇ ಆಗಿತ್ತು. ಓದಿದ್ದು ಇಂಜಿನಿಯರಿಂಗ್, ಇತಿಹಾಸ ಎಸ್‌ಎಸ್‌ಎಲ್‌ಸಿಗೇ ಮುಗಿದಿತ್ತು.

ಜೋಗದಲ್ಲಿ ಧುಮುಕುವ ಶರಾವತಿ ಇಲ್ಲಿ ಸದ್ದಿಲ್ಲದೆ ಸಮುದ್ರ ಸೇರುತ್ತಾಳೆ. ಬೆಳಗ್ಗೆ ಬೋಟ್ ಹತ್ತಿ ಕಾಂಡ್ಲಾ ಗಿಡಗಳ ನಡುವೆ ಹೊರಟೆ. ಅಳಿವೆಯ ಕಡೆ ಹೋಗೋಣ ಅಂದೆ. ಬೋಟಿನವರು ತಲೆಯಾಡಿಸಿದರು. "ಬೇಡ ಸರ್. ಹೂಳು ತುಂಬಿದೆ. ಆಳ ಎಲ್ಲಿದೆ ಅಂತ ಗೊತ್ತಿದ್ದವರು ಮಾತ್ರ ದಾಟಬೇಕು, ಮಳೆಗಾಲದಲ್ಲಂತೂ ಅವರೂ ದಾಟೋದಿಲ್ಲ" ಅಂದರು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಇದೇ ಊರಿಗೆ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇವೆ ಅಂತ ಬರೆದಿಟ್ಟ. ಎಣಿಸಿದ್ದು ಎಷ್ಟು ಸರಿಯೋ, ಹೆಣ್ಣುಮಕ್ಕಳ ಶಾಲೆ ಕಂಡು ಆತ ಬೆರಗಾದದ್ದಂತೂ ನಿಜ. ಅರಬ್ಬಿ ಕುದುರೆ ಇಲ್ಲಿ ಇಳಿಯುತ್ತಿತ್ತು. ಗೇರುಸೊಪ್ಪೆ ಕಡೆಯ ಕಾಳುಮೆಣಸು ನದಿಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿತ್ತು. ದುಡ್ಡಿದ್ದ ಊರು.

ದುಡ್ಡಿದ್ದಲ್ಲಿಗೆ ಪೋರ್ಚುಗೀಸರು ಬಂದರು. 1505ರಲ್ಲಿ ವೈಸರಾಯ್ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಇಲ್ಲಿನ ಹಡಗುಗಳಿಗೆ ಬೆಂಕಿ ಹಚ್ಚಿಸಿದ. ಆಗ ಇಲ್ಲಿನ ಹಡಗುಪಡೆಯ ಮುಖ್ಯಸ್ಥ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಇವನ ಹೆಸರು ತಿಮೋಜ. ಅವರ ಕಣ್ಣಿಗೆ ಕಡಲುಗಳ್ಳ, ವಿಜಯನಗರದ ಕಡೆಯವರಿಗೆ ಕೆಲಸಕ್ಕೆ ಬರುವ ಮನುಷ್ಯ.

ಐದೇ ವರ್ಷದಲ್ಲಿ ಆಟ ತಿರುಗಿತು. 1510ರಲ್ಲಿ ಅಲ್ಬುಕರ್ಕ್ ಹಡಗುಪಡೆ ಕಟ್ಟಿಕೊಂಡು ಅರಬ್ ಕಡೆ ಹೊರಟಿದ್ದ. ಗೋವಾ ಅವನ ಪಟ್ಟಿಯಲ್ಲೇ ಇರಲಿಲ್ಲ. ದಾರಿಯಲ್ಲಿ ಸಿಕ್ಕ ತಿಮ್ಮಯ್ಯ ಹೇಳಿದ್ದು ಇಷ್ಟು: ಅಷ್ಟು ದೂರ ಯಾಕೆ ಹೋಗ್ತೀರಿ, ಬಿಜಾಪುರದವರ ಕೈಲಿರುವ ಗೋವಾದಲ್ಲಿ ಕಾವಲು ಸಡಿಲವಾಗಿದೆ, ಜನರೂ ತೆರಿಗೆಗೆ ಬೇಸತ್ತಿದ್ದಾರೆ. ಅಲ್ಬುಕರ್ಕ್ ಹಡಗು ತಿರುಗಿಸಿದ. ಗೋವಾ ಹೆಚ್ಚು ಕಾಳಗವಿಲ್ಲದೆ ಕೈಗೆ ಬಂತು.

ಈಗ ಬೋಟಿನವರ ಮಾತಿಗೆ ಬನ್ನಿ. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಪೋರ್ಚುಗೀಸರನ್ನು ಊರಿಂದ ಓಡಿಸಿತು. ಓಡಿ ಹಡಗು ಹತ್ತಿದರು ಸರಿ, ಹೋಗೋದೆಲ್ಲಿಗೆ? ಮಳೆಗಾಲ ಶುರುವಾಗಿತ್ತು. ಮಾಂಡೋವಿಯ ಅಳಿವೆ ದಾಟಲಾಗದೆ ಆಗಸ್ಟ್ ತನಕ ನದಿಯೊಳಗೇ ಸಿಕ್ಕಿಬಿದ್ದರು. ಊಟಕ್ಕೆ ಇಲಿ ಹಿಡಿಯುವ ಗತಿ ಬಂತು. ಅವರ ಫಿರಂಗಿಗಳಿಗೆ ಇಲ್ಲಿನ ಮರಳದಿಬ್ಬದ ಮುಂದೆ ಏನೂ ಮಾಡಲಾಗಲಿಲ್ಲ. ಇಂಥ ಕರಾವಳಿಯಲ್ಲಿ ತಿಮ್ಮಯ್ಯನಂಥವನ ತಿಳಿವಳಿಕೆಗೆ ಎಷ್ಟು ಬೆಲೆ ಇತ್ತು ಅಂತ ಲೆಕ್ಕ ಹಾಕಿ.

ನವೆಂಬರ್ 25ಕ್ಕೆ ಅಲ್ಬುಕರ್ಕ್ ಮತ್ತೆ ಬಂದು ಗೆದ್ದ. ಆ ಸಲ ಊರಿನ ಮುಸ್ಲಿಮರನ್ನು ಹುಡುಕಿ ಹುಡುಕಿ ಕೊಂದರು. ಇದು ಯಾರೋ ಶತ್ರು ಬರೆದ ಆರೋಪವಲ್ಲ, ಆತನೇ ತನ್ನ ರಾಜನಿಗೆ ಪತ್ರದಲ್ಲಿ ಹೇಳಿಕೊಂಡದ್ದು. 1560ರಲ್ಲಿ ಅಲ್ಲಿಗೆ ಇನ್‌ಕ್ವಿಸಿಷನ್ ಬಂತು. ಪೋರ್ಚುಗೀಸರು ಹೋಗಿದ್ದು 1961ರ ಡಿಸೆಂಬರ್‌ನಲ್ಲಿ. 451 ವರ್ಷ!

ತಿಮ್ಮಯ್ಯನಿಗೆ ಏನು ಸಿಕ್ತು? ಸ್ವಲ್ಪ ಕಾಲ ಕಂದಾಯ ವಸೂಲಿಯ ಅಧಿಕಾರ. ಗೋವಾವನ್ನೇ ತನ್ನ ಕೈಗೆ ಕೊಡ್ತಾರೆ ಅಂದುಕೊಂಡಿದ್ದ, ಕೊಡಲಿಲ್ಲ.

ಈ ಕಥೆಯನ್ನು ಆಫೀಸಿನಲ್ಲಿ ಹೇಳಿದಾಗ ಒಬ್ಬರು ತಕ್ಷಣ, "ನಾಯಕನಾ, ದ್ರೋಹಿಯಾ? ಅರ್ಧ ಗಂಟೆ ಡಿಬೇಟ್ ಇಡೋಣ" ಅಂದರು. ನಾನು ಒಪ್ಪಲಿಲ್ಲ. ದ್ರೋಹ ಅನ್ನಬೇಕಾದರೆ ಯಾವ ದೇಶಕ್ಕೆ? ಅವನ ಲೆಕ್ಕದಲ್ಲಿ ಬಿಜಾಪುರ ವೈರಿ, ಪೋರ್ಚುಗೀಸರು ಇವತ್ತು ಬಂದು ನಾಳೆ ಹೋಗುವ ಬಾಡಿಗೆ ಬಂದೂಕು. ಆದರೆ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ಐದು ವರ್ಷದ ಹಿಂದೆ ತನ್ನ ಕಣ್ಣೆದುರೇ ತನ್ನೂರಿನ ಹಡಗು ಸುಟ್ಟವರು ಇವರು. ಬಾಡಿಗೆಗೆ ಬಂದವರಲ್ಲ ಅಂತ ಗೊತ್ತಾಗೋಕೆ ಅವನಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ನಾನು ಓಡಾಡಿದ ಕಡೆ ಎಲ್ಲೂ ತಿಮ್ಮಯ್ಯನ ಹೆಸರಿನ ಬೋರ್ಡ್ ಕಣ್ಣಿಗೆ ಬೀಳಲಿಲ್ಲ. ಹೊರಡುವ ದಿನ ಬೋಟಿನವರ ಹತ್ತಿರ ಅವನ ಹೆಸರು ಹೇಳಿದೆ. "ಯಾರು ಸರ್, ಶಾಲೆ ಹತ್ತಿರದ ತಿಮ್ಮಯ್ಯನವರಾ?" ಅಂದರು. ಸಂಜೆ ರೈಲು ಎರಡು ಕಿಲೋಮೀಟರ್ ಉದ್ದದ ಶರಾವತಿ ಸೇತುವೆ ದಾಟುವಾಗ ಕಿಟಕಿಗೆ ಮುಖ ಹಚ್ಚಿ ಕೂತೆ. ಕತ್ತಲಲ್ಲಿ ದೂರದ ಒಂದೆರಡು ಮೀನು ದೋಣಿಗಳ ದೀಪ ಬಿಟ್ಟರೆ ಅಳಿವೆಯ ಕಡೆ ಏನೂ ಕಾಣುತ್ತಿರಲಿಲ್ಲ.