ಕಾಲುವೆಯ ಕೊನೆಯ ಹೊಲವನ್ನೂ ಕಾಣುವವನು

ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಎರಡನೆಯ ಯಾರೊಬ್ಬಾಮನು ಆಳುತ್ತಿದ್ದ ಇಸ್ರೇಲ್ ರಾಜ್ಯವು ಸಂಪದ್ಭರಿತವಾಗಿತ್ತು. ಆರಾಧನೆ, ಹಬ್ಬಗಳಿಗೆ ಕೊರತೆಯಿರಲಿಲ್ಲ. ಆದರೆ ಊರ ಬಾಗಿಲಲ್ಲಿ ನ್ಯಾಯ ಹೇಳುವವರು ಲಂಚ ಪಡೆದು ಬಡವನ ದೂರನ್ನು ತಳ್ಳಿಹಾಕುತ್ತಿದ್ದರು. ವ್ಯಾಪಾರಿಗಳು ಅಳತೆಯನ್ನು ಕಿರಿದುಗೊಳಿಸಿ, ಬೆಲೆ ಏರಿಸಿ, ಧಾನ್ಯದ ಕಸವನ್ನೂ ಮಾರುತ್ತಿದ್ದರು. ಇವರ ಒಂದೇ ಒಂದು ಕೃತ್ಯವನ್ನೂ ದೇವನು ಮರೆಯಲಾರನೆಂದು ಎಚ್ಚರಿಸಿದವರು ತೆಕೋವದ ಕುರಿಗಾಹಿ ಆಮೋಸರು ಎಂದು ಬೈಬಲ್ ಹೇಳುತ್ತದೆ. ಬೇತೇಲಿನ ಯಾಜಕ ಅಮಚ್ಯನು ಅವರಿಗೆ ನಾಡು ಬಿಟ್ಟು ಹೋಗುವಂತೆ ಹೇಳಿದನು. ಕೆಲವೇ ದಶಕಗಳಲ್ಲಿ, ಕ್ರಿ.ಪೂ. 722ರ ಸುಮಾರಿಗೆ, ರಾಜಧಾನಿ ಸಮಾರ್ಯವು ಅಶ್ಶೂರರ ವಶವಾಯಿತು.

ಪವಿತ್ರ ಕುರ್‌ಆನ್ ಆಮೋಸರನ್ನು ಹೆಸರಿಸಿಲ್ಲ. ಆದರೆ ವೃತ್ತಾಂತ ತಿಳಿಸದ ಸಂದೇಶವಾಹಕರೂ ಇದ್ದರೆಂದು ಅದು ಹೇಳುತ್ತದೆ. ಆದುದರಿಂದ ಅವರ ಪ್ರವಾದಿತ್ವದ ವಿಷಯವನ್ನು ನಾವು ಅಲ್ಲಾಹನಿಗೆ ಬಿಡುತ್ತೇವೆ. ಅವರ ಎಚ್ಚರಿಕೆಯಾದರೋ ನಮಗೆ ಪರಿಚಿತವೇ. ಪ್ರವಾದಿ ಶುಐಬ್(ಅ) ಮದ್‌ಯನಿನ ಜನರಿಗೆ ಅಳತೆ ತೂಕದಲ್ಲಿ ವಂಚಿಸಬೇಡಿರೆಂದು ಬೋಧಿಸಿದರು. ಅಕ್ರಮಿಗಳ ಕೃತ್ಯಗಳ ಬಗ್ಗೆ ಅಲ್ಲಾಹನು ಅಲಕ್ಷ್ಯನಾಗಿದ್ದಾನೆಂದು ಭಾವಿಸಬಾರದು, ಅವನು ಕೊಡುವುದು ಕಾಲಾವಕಾಶ ಮಾತ್ರವೆಂದು ಸೂರಃ ಇಬ್ರಾಹೀಮ್ ಎಚ್ಚರಿಸುತ್ತದೆ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಈ ಅಳತೆಯ ಪ್ರಶ್ನೆಯು ನೀರಿನ ರೂಪದಲ್ಲಿದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯತೊಡಗಿತು. ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನತ್ತ ಬರುತ್ತದೆ. ಬರಪೀಡಿತ ನಾಡಿನಲ್ಲಿ ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದು ಯೋಜನೆಯ ಉದ್ದೇಶವಾಗಿತ್ತು. ಆದುದರಿಂದಲೇ ಬಹುಪಾಲು ಭೂಮಿಯನ್ನು ಜೋಳ, ಹತ್ತಿಗಳಂತಹ ಬೆಳೆಗಳಿಗೆ ಮೀಸಲಿಟ್ಟು, ಭತ್ತಕ್ಕೆ ಮಿತಿ ವಿಧಿಸಲಾಗಿತ್ತು. ಆ ಮಿತಿ ಉಳಿಯಲಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಭಾಗದ ಮಾನ್ವಿ, ರಾಯಚೂರುಗಳ ಹೊಲಗಳು ಸರದಿಗಾಗಿ ಕಾದವು. ಡಚ್ ವಿದ್ವಾಂಸ ಪೀಟರ್ ಮೊಲಿಂಗಾ 1990ರ ದಶಕದಲ್ಲಿ ಈ ಅಸಮಾನತೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಅನಧಿಕೃತವಾಗಿ ಪಂಪ್‌ಸೆಟ್‌ಗಳಿಂದ ನೀರೆತ್ತುವ ದೂರು ಇಂದಿಗೂ ನಿಂತಿಲ್ಲ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯನ್ನು ನಂಬಿರುವ ದೇವದುರ್ಗದ ರೈತನಿಗೂ ಮೇಲಿನವನು ಬಿಟ್ಟರೆ ಮಾತ್ರ ನೀರು.

ಈ ವಿಷಯದಲ್ಲಿ ನಮಗೆ ಸ್ಪಷ್ಟ ಮಾರ್ಗದರ್ಶನವಿದೆ. ಮದೀನಾದ ಮಹ್‌ಝೂರ್ ಮತ್ತು ಮುದೈನಿಬ್ ಎಂಬ ಹಳ್ಳಗಳ ಕುರಿತು ಪ್ರವಾದಿ(ಸ) ತೀರ್ಪಿತ್ತರು: ಮೇಲಿನ ಹೊಲದವನು ಹರಡಿನ ಗಂಟಿನವರೆಗೆ ನೀರು ನಿಲ್ಲಿಸಿಕೊಂಡು, ಬಳಿಕ ಕೆಳಗಿನವನಿಗೆ ಬಿಡಬೇಕು. ಇಮಾಮ್ ಮಾಲಿಕ್‌ರ ಮುವತ್ತಾ ಇದನ್ನು ವರದಿ ಮಾಡಿದೆ. ಮೇಲಿನವನಿಗೆ ಮೊದಲ ಸರದಿಯ ಹಕ್ಕಿದೆ, ಆದರೆ ಆ ಹಕ್ಕಿಗೆ ಪಾದದಷ್ಟೇ ಎತ್ತರ.

ರಾತ್ರಿ ಯಾರು ಗೇಟು ಎತ್ತಿದರೆಂಬುದು ಯಾವ ಕಡತದಲ್ಲೂ ಇರಲಿಕ್ಕಿಲ್ಲ. ಕೊನೆಯ ಹೊಲದವನ ಬಳಿ ಸಾಕ್ಷಿಯೂ ಇರಲಿಕ್ಕಿಲ್ಲ. ಆದರೆ ಒಣಗಿದ ಆ ಪೈರಿನ ಲೆಕ್ಕ ಅಲ್ಲಾಹನ ಬಳಿ ಇದೆ. ನಮ್ಮಲ್ಲಿ ಕಾಲುವೆಯ ಮೇಲ್ಭಾಗದಲ್ಲಿ ಹೊಲವಿರುವವರು, ತಕ್ಕಡಿ ಹಿಡಿದವರು, ಅರ್ಜಿಗೆ ಸಹಿ ಹಾಕುವ ಕುರ್ಚಿಯಲ್ಲಿರುವವರು ನಮಾಝಿನ ಜೊತೆಗೆ ಈ ಲೆಕ್ಕವನ್ನೂ ನೆನೆಯಬೇಕು. ಇತರರ ಪಾಲನ್ನು ತಡೆಹಿಡಿಯುವವರ ಸಾಲಿಗೆ ಅಲ್ಲಾಹನು ನಮ್ಮನ್ನು ಸೇರಿಸದಿರಲಿ, ಆಮೀನ್.