ಪರೇಲಿನ ಗರ್ಭಿಣಿಯರ ರಕ್ತಪರೀಕ್ಷೆಯೂ ಫೋಲಿಕ್ ಆಮ್ಲದ ಶೋಧವೂ

ಮುಂಬಯಿಯ ಪರೇಲಿನಲ್ಲಿ ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿದ್ದ ಭವನವು 1899ರಲ್ಲಿ ಪ್ಲೇಗು ಸಂಶೋಧನಾಲಯವಾಗಿ ಮಾರ್ಪಟ್ಟಿತು. 1925ರಲ್ಲಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರನ್ನು ತಾಳಿತು. ಪ್ಲೇಗಿನ ಲಸಿಕೆಯಿಂದಾಗಿ ಈ ಸಂಸ್ಥೆಯನ್ನು ಬಲ್ಲವರು ಬಹುಮಂದಿ. ಆದರೆ ಇಂದು ನಾನಾ ದೇಶಗಳಲ್ಲಿ ಗರ್ಭಿಣಿಯರಿಗೆ ಕೊಡಲಾಗುವ ಫೋಲಿಕ್ ಆಮ್ಲದ ಗುಳಿಗೆಯ ಚರಿತ್ರೆಯೂ ಈ ಆವರಣದಿಂದಲೇ ಮೊದಲಾಗುತ್ತದೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಇಲ್ಲಿಗೆ ಬಂದರು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನಗಳನ್ನು ಅಭ್ಯಸಿಸಿ, ತರುವಾಯ ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದವರು ಅವರು. ಪ್ರಸೂತಿಕಾಲದ ಮರಣಗಳನ್ನು ಕುರಿತು ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಕೈಕೊಂಡಿದ್ದ ವಿಚಾರಣೆಯಲ್ಲಿ, ಡಾ. ಮಾರ್ಗರೆಟ್ ಬಾಲ್ಫರರೊಂದಿಗೆ, ಗರ್ಭಿಣಿಯರ ತೀವ್ರ ರಕ್ತಹೀನತೆಯ ಕಾರಣವನ್ನು ಅರಸುವುದು ಅವರ ಪಾಲಿನ ಕಾರ್ಯವಾಗಿತ್ತು. ಬಟ್ಟೆಯ ಗಿರಣಿಗಳ ಬಡ ಹೆಂಗಸರಲ್ಲಿ ಈ ವ್ಯಾಧಿ ವಿಶೇಷವಾಗಿ ಕಂಡುಬರುತ್ತಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಈ ರೋಗಿಗಳ ರಕ್ತವು ಒಂದು ಸ್ಪಷ್ಟ ಸುಳಿವನ್ನು ನೀಡಿತು. ಕಬ್ಬಿಣದ ಕೊರತೆಯಲ್ಲಿ ಕೆಂಪು ಕಣಗಳು ಕಿರಿದಾಗುತ್ತವೆ. ಇಲ್ಲಿಯಾದರೋ ಅವು ಸಂಖ್ಯೆಯಲ್ಲಿ ಕುಗ್ಗಿ ಗಾತ್ರದಲ್ಲಿ ಹಿಗ್ಗಿದ್ದವು. ಈ ಲಕ್ಷಣ ಆಡಿಸನ್ನನ ಹೆಸರಿನ ಮಾರಕ ರಕ್ತಹೀನತೆಯನ್ನು ಹೋಲುತ್ತಿತ್ತು. ಆ ವ್ಯಾಧಿಗೆ ಪ್ರಾಣಿಗಳ ಯಕೃತ್ತನ್ನು ಉಣಿಸುವ ಚಿಕಿತ್ಸೆಯನ್ನು ಮೈನಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿಕೊಟ್ಟಿದ್ದರು. ಆದರೆ ಅದರಲ್ಲಿ ಕಾಣುವ ನರದೌರ್ಬಲ್ಯ ಪರೇಲಿನ ರೋಗಿಗಳಲ್ಲಿ ಇರಲಿಲ್ಲ. ಕರುಳಿನ ಸೋಂಕು ಕಾರಣವಿರಬಹುದೆಂದು ನೋಡಿದರೆ ಅದಕ್ಕೂ ಆಧಾರ ಸಿಗಲಿಲ್ಲ. ಆಗ ವಿಲ್ಸ್ ಅವರ ದೃಷ್ಟಿ ಊಟದ ಕಡೆಗೆ ತಿರುಗಿತು. ವರ್ಗ ವರ್ಗದ ಸ್ತ್ರೀಯರ ಆಹಾರವನ್ನು ವಿಚಾರಿಸಿದಾಗ, ಹಣ್ಣು ತರಕಾರಿಗಳಿಗೆ ಎಡೆಯಿಲ್ಲದ ಬಡವರ ಊಟವೇ ದೋಷದ ಮೂಲವೆಂಬ ಅನುಮಾನ ಬಲವಾಯಿತು.

ಅದೇ ಬಗೆಯ ಆಹಾರವನ್ನು ಇಲಿಗಳಿಗೆ ಉಣಿಸಿದಾಗ ಅವು ರಕ್ತಹೀನವಾದವು. ಯೀಸ್ಟ್ ಬೆರೆಸಿದಾಗ ಆ ಸ್ಥಿತಿ ತಪ್ಪಿತು. ಇಲಿಗಳ ರೋಗದಲ್ಲಿ ಬಾರ್ಟೊನೆಲ್ಲಾ ಎಂಬ ಸೂಕ್ಷ್ಮಾಣುವಿನ ಕೈವಾಡವಿದ್ದುದು ಬಳಿಕ ಗೊತ್ತಾಯಿತು. ಹೀಗೆ ಮೊದಲ ಸಾಕ್ಷ್ಯ ಕುಂದಿತಾದರೂ ಕೋತಿಗಳ ಮೇಲಣ ಪ್ರಯೋಗವೂ ರೋಗಿಗಳ ಚೇತರಿಕೆಯೂ ನಿರ್ಣಯವನ್ನು ಎತ್ತಿಹಿಡಿದವು. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ ಅಗ್ಗದ ಪದಾರ್ಥವಾದ ಮಾರ್ಮೈಟನ್ನು ಸೇವಿಸಿದ ಸ್ತ್ರೀಯರಲ್ಲಿ ಕೆಲವೇ ದಿನಗಳಲ್ಲಿ ಹಸಿವು ಮರಳಿತು, ರಕ್ತಕಣಗಳು ವೃದ್ಧಿಸತೊಡಗಿದವು. 1931ರಲ್ಲಿ ಈ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಗುಣ ಕೊಟ್ಟ ವಸ್ತು ಯಾವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಶುದ್ಧೀಕರಿಸಿದ ಯಕೃತ್ಸಾರವು ಆಡಿಸನ್ನನ ವ್ಯಾಧಿಯನ್ನು ವಾಸಿಮಾಡಿದರೂ ಈ ವ್ಯಾಧಿಯಲ್ಲಿ ಸೋಲುತ್ತದೆಂದು ವಿಲ್ಸ್ ಮುಂದೆ ತೋರಿಸಿದರು. ಎಂದಮೇಲೆ ಎರಡು ರೋಗಗಳಿಗೆ ಎರಡು ಬೇರೆ ಬೇರೆ ಪೋಷಕಾಂಶಗಳು ಇರಲೇಬೇಕು. ಅವುಗಳಲ್ಲಿ ಒಂದು, 1948ರಲ್ಲಿ ಬೇರ್ಪಡಿಸಲಾದ ಬಿ12 ಜೀವಸತ್ವ. ಇನ್ನೊಂದನ್ನು 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ತೆಗೆದು, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂದು ಕರೆದರು. 1945ರ ಸುಮಾರಿಗೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅದರ ಸಂಶ್ಲೇಷಣೆ ಸಾಧ್ಯವಾಯಿತು. ಆ ತಂಡವನ್ನು ನಡೆಸಿದವರಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಪ್ರಮುಖರು.

ವಿಲ್ಸ್ 1964ರಲ್ಲಿ ತೀರಿಕೊಂಡರು. ತಾಯಿಯ ರಕ್ತದಲ್ಲಿ ಕಂಡ ಈ ಕೊರತೆ ಶಿಶುವಿನ ಬೆನ್ನುಹುರಿಯನ್ನೂ ಮುಟ್ಟುತ್ತದೆಂಬ ಸಂಗತಿ ಅನಂತರ ಸ್ಥಿರಪಟ್ಟಿತು. ಹಿಂದೆ ಅಂಥ ಊನವಿದ್ದ ಮಗುವನ್ನು ಹೆತ್ತ ತಾಯಂದಿರಲ್ಲಿ ಫೋಲಿಕ್ ಆಮ್ಲವು ಅದರ ಮರುಕಳಿಕೆಯನ್ನು ಶೇಕಡಾ 72ರಷ್ಟು ತಡೆಯಿತೆಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ಸಾರಿತು. ಗರ್ಭ ನಿಂತ ಸುಮಾರು ನಾಲ್ಕು ವಾರಗಳಲ್ಲೇ ಆ ಅಂಗದ ನಾಳ ಮುಚ್ಚಿಕೊಳ್ಳುವುದರಿಂದ, ಈ ರಕ್ಷಣೆ ಗರ್ಭಧಾರಣೆಗೆ ಮುನ್ನವೇ ದೊರೆಯಬೇಕು.

ಭಾರತದಲ್ಲಿ 1970ರಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ಹಂಚುವ ರಾಷ್ಟ್ರೀಯ ಯೋಜನೆ ನಡೆದುಬಂದಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 52.2ರಷ್ಟು ಗರ್ಭಿಣಿಯರು ರಕ್ತಹೀನರಾಗಿದ್ದರು. ಇದೆಲ್ಲವೂ ಫೋಲಿಕ್ ಆಮ್ಲದ ಕೊರತೆಯಲ್ಲ. ಕಬ್ಬಿಣದ ಅಭಾವದ ಪಾಲೂ ದೊಡ್ಡದು. ಆದರೆ ರಕ್ತದ ದೋಷದ ಹಿಂದೆ ತಟ್ಟೆಯ ದಾರಿದ್ರ್ಯವಿರುತ್ತದೆಂಬ ಪರೇಲಿನ ನಿರ್ಣಯ ಇಂದಿಗೂ ಹಳತಾಗಿಲ್ಲ. ವಿಲ್ಸ್, ಸುಬ್ಬರಾವ್ ಮೊದಲಾದವರ ಹೆಸರುಗಳು ವಿಜ್ಞಾನದ ಇತಿಹಾಸದಲ್ಲಿ ಉಳಿದವು. ತಮ್ಮ ರಕ್ತವನ್ನು ಪರೀಕ್ಷೆಗೆ ಒಡ್ಡಿದ ಗಿರಣಿಯ ಹೆಂಗಸರ ಹೆಸರುಗಳು ಉಳಿಯಲಿಲ್ಲ. ಲೋಕದ ತಾಯಂದಿರೂ ಶಿಶುಗಳೂ ಅವರಿಗೆ ಋಣಿಗಳೆಂಬುದನ್ನು ಮುಂಬಯಿಯ ಚರಿತ್ರೆ ಬರೆಯುವವರು ಮರೆಯತಕ್ಕದ್ದಲ್ಲ.