ಅಮೆರಿಕದ ಆಸ್ತಿ ಮೌಲ್ಯಮಾಪಕರು: ನಿಯಂತ್ರಣ ಸಂಸ್ಥೆಗಳ ನಡುವಿನ ಮಾಹಿತಿ ವಿನಿಮಯ

ಮನೆ, ಜಮೀನು ಅಥವಾ ವಾಣಿಜ್ಯ ಕಟ್ಟಡವನ್ನು ಅಡಮಾನವಾಗಿಟ್ಟುಕೊಂಡು ಬ್ಯಾಂಕ್ ಸಾಲ ಕೊಡುವ ಮೊದಲು ಆ ಆಸ್ತಿಗೆ ಬೆಲೆ ಕಟ್ಟುವವರು ಮೌಲ್ಯಮಾಪಕರು. ಅಮೆರಿಕದಲ್ಲಿ ಇವರಿಗೆ ಪರವಾನಗಿ ಕೊಡುವುದೂ ತಪ್ಪಿದರೆ ರದ್ದುಪಡಿಸುವುದೂ ರಾಜ್ಯಗಳ ಕೆಲಸ. ಸಾಲ ಕೊಡುವ ಬ್ಯಾಂಕುಗಳ ಮೇಲಿನ ಹತೋಟಿ ಬಹುಮಟ್ಟಿಗೆ ಒಕ್ಕೂಟ ಸರ್ಕಾರದ್ದು. ಒಂದು ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡವರು ಪಕ್ಕದ ರಾಜ್ಯದಲ್ಲಿ ಹೊಸ ಅರ್ಜಿ ಹಾಕಿದರೆ ಹಳೆಯ ಸಂಗತಿ ಅಲ್ಲಿನ ಅಧಿಕಾರಿಗೆ ತಿಳಿಯಬೇಕು. ಮಾಹಿತಿ ವಿನಿಮಯದ ಏರ್ಪಾಡು ಬೆಳೆದದ್ದು ಈ ಅಗತ್ಯದಿಂದ.

1980ರ ದಶಕದವರೆಗೆ ಬಹುತೇಕ ರಾಜ್ಯಗಳಲ್ಲಿ ಮೌಲ್ಯಮಾಪನಕ್ಕೆ ಪರವಾನಗಿಯೇ ಬೇಕಿರಲಿಲ್ಲ. ವೃತ್ತಿ ಸಂಘಗಳು ತಮ್ಮ ಸದಸ್ಯರಿಗೆ ಬಿರುದು ಕೊಡುತ್ತಿದ್ದವು. ಸಂಘದಿಂದ ಹೊರಬಿದ್ದವರು ಕೆಲಸ ಮುಂದುವರಿಸಲು ಅಡ್ಡಿಯಿರಲಿಲ್ಲ. ಆ ದಶಕದಲ್ಲಿ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಸಾಲುಸಾಲಾಗಿ ದಿವಾಳಿಯೆದ್ದವು. 1986ರಿಂದ 1995ರ ನಡುವೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಚ್ಚಿದವು. ಉಬ್ಬಿಸಿದ ಮೌಲ್ಯಮಾಪನವೂ ಈ ಕುಸಿತಕ್ಕೆ ಒಂದು ಕಾರಣವೆಂದು ಅಮೆರಿಕದ ಸಂಸತ್ತಿನ ಸಮಿತಿಯೊಂದು 1986ರಲ್ಲೇ ವರದಿ ಮಾಡಿತ್ತು.

ಇದರ ಫಲವೇ 1989ರ ಹಣಕಾಸು ಸಂಸ್ಥೆಗಳ ಸುಧಾರಣಾ ಕಾಯ್ದೆಯ 11ನೇ ಭಾಗ. ಅದು ಹೊಣೆಯನ್ನು ಮೂವರಿಗೆ ಹಂಚಿತು. 1987ರಲ್ಲಿ ಹುಟ್ಟಿದ್ದ ಅಪ್ರೈಸಲ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆಯ ಮಂಡಳಿಗಳು ವೃತ್ತಿಯ ಮಾನದಂಡವನ್ನೂ ಅರ್ಹತೆಯನ್ನೂ ಗೊತ್ತುಮಾಡುತ್ತವೆ. ರಾಜ್ಯಗಳು ಪರವಾನಗಿ ಕೊಟ್ಟು ದೂರು ವಿಚಾರಿಸುತ್ತವೆ. ಒಕ್ಕೂಟದ ಅಪ್ರೈಸಲ್ ಸಬ್‌ಕಮಿಟಿ ರಾಜ್ಯಗಳ ಕೆಲಸದ ಮೇಲೆ ಕಣ್ಣಿಡುತ್ತದೆ. ರಾಷ್ಟ್ರೀಯ ನೋಂದಣಿ ಪಟ್ಟಿಯನ್ನು ನಿರ್ವಹಿಸುವುದೂ ಈ ಸಬ್‌ಕಮಿಟಿಯೇ. ರಾಜ್ಯಗಳ ನಿಯಂತ್ರಣಾಧಿಕಾರಿಗಳು ತಮ್ಮದೇ ಸಂಘವನ್ನೂ ಕಟ್ಟಿಕೊಂಡರು. ಅದರ ಸಮ್ಮೇಳನಗಳಲ್ಲಿ ತನಿಖೆಯ ಅನುಭವ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಇಡೀ ವಿನಿಮಯಕ್ಕೆ ಆಧಾರ ನೋಂದಣಿ ಪಟ್ಟಿ. ಅದರಲ್ಲಿ ಮೌಲ್ಯಮಾಪಕರ ಹೆಸರು, ಪರವಾನಗಿ ಸಂಖ್ಯೆ ಮತ್ತು ದರ್ಜೆ, ಅದು ಮುಗಿಯುವ ದಿನಾಂಕ, ಸದ್ಯದ ಸ್ಥಿತಿ ಇವೆಲ್ಲ ಇರುತ್ತವೆ. ಬ್ಯಾಂಕಿನವರು, ಸಾಲಗಾರರು, ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ರಾಜ್ಯಗಳ ಅಧಿಕಾರಿಗಳಿಗೆ ಪ್ರತ್ಯೇಕ ಪ್ರವೇಶವಿದ್ದು, ಸಾರ್ವಜನಿಕರಿಗೆ ಕಾಣದ ಶಿಸ್ತುಕ್ರಮದ ವಿವರಗಳೂ ಅವರಿಗೆ ಸಿಗುತ್ತವೆ. ಪರವಾನಗಿಯ ಅಮಾನತು, ರದ್ದು, ಸ್ವಯಂಪ್ರೇರಿತ ಶರಣಾಗತಿ ಇವನ್ನು ರಾಜ್ಯಗಳು ಕೆಲವೇ ದಿನಗಳಲ್ಲಿ ಪಟ್ಟಿಗೆ ಸೇರಿಸಬೇಕು. ಶರಣಾಗತಿಯ ವರದಿ ವಿಶೇಷವಾಗಿ ಮುಖ್ಯ. ತನಿಖೆ ಬಿಗಿಯಾದಾಗ ಪರವಾನಗಿಯನ್ನು ತಾನಾಗಿ ಒಪ್ಪಿಸಿ, ದಂಡನೆಯ ಆದೇಶವಿಲ್ಲದೆ ಬೇರೆಡೆಗೆ ಹೋಗುವ ದಾರಿ ಆ ವರದಿಯಿಲ್ಲದಿದ್ದರೆ ತೆರೆದೇ ಉಳಿಯುತ್ತದೆ. ಬೇರೆ ರಾಜ್ಯದಲ್ಲಿ ಒಂದೇ ಒಂದು ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿಗೂ ಪಟ್ಟಿ ಅನಿವಾರ್ಯ. ಆ ಅನುಮತಿಯನ್ನು ಐದು ಕೆಲಸದ ದಿನಗಳೊಳಗೆ ಕೊಡಬೇಕಾದ್ದರಿಂದ ಪತ್ರ ಬರೆದು ಉತ್ತರಕ್ಕೆ ಕಾಯುವಷ್ಟು ವ್ಯವಧಾನವಿರುವುದಿಲ್ಲ.

ಮೊದಲ ಎರಡು ದಶಕಗಳಲ್ಲಿ ಸಬ್‌ಕಮಿಟಿಯ ಕೈಯಲ್ಲಿದ್ದ ಅಸ್ತ್ರ ಒಂದೇ: ತಪ್ಪಿದ ರಾಜ್ಯದ ಮಾನ್ಯತೆಯನ್ನು ಹಿಂತೆಗೆದುಕೊಳ್ಳುವುದು. ಹಾಗೆ ಮಾಡಿದರೆ ಆ ರಾಜ್ಯದ ಎಲ್ಲ ಮೌಲ್ಯಮಾಪಕರೂ ಒಕ್ಕೂಟದ ನಿಯಂತ್ರಣಕ್ಕೊಳಪಟ್ಟ ಸಾಲಗಳ ಕೆಲಸ ಕಳೆದುಕೊಳ್ಳುತ್ತಿದ್ದರು. ಅಷ್ಟು ಕಠೋರವಾದ ಕ್ರಮವನ್ನು ಬಳಸಲೇ ಇಲ್ಲ. ಹೀಗಾಗಿ ತಡವಾಗಿ ವರದಿ ಕಳಿಸುವ ರಾಜ್ಯವನ್ನು ತಿದ್ದುವ ದಾರಿಯೂ ಇರಲಿಲ್ಲ.

2008ರ ಹಣಕಾಸು ಬಿಕ್ಕಟ್ಟಿನ ನಂತರ ಬಂದ 2010ರ ಡಾಡ್-ಫ್ರಾಂಕ್ ಕಾಯ್ದೆ ಈ ಕೊರತೆಯನ್ನು ತುಂಬಿತು. ಸಬ್‌ಕಮಿಟಿಗೆ ಮಾನ್ಯತೆ ಹಿಂತೆಗೆತಕ್ಕಿಂತ ಸೌಮ್ಯವಾದ ಮಧ್ಯಂತರ ಕ್ರಮಗಳ ಅಧಿಕಾರ ಸಿಕ್ಕಿತು. ರಾಜ್ಯಗಳಿಗೆ ಅನುದಾನ ಕೊಡುವ ಅವಕಾಶವೂ ಬಂತು. ಬೆಲೆಯ ಮೇಲೆ ಗಣನೀಯ ಪರಿಣಾಮ ಬೀರುವಂಥ ಗಂಭೀರ ಲೋಪ ಕಂಡ ಸಾಲದಾತರು ಅದನ್ನು ರಾಜ್ಯದ ಸಂಸ್ಥೆಗೆ ತಿಳಿಸುವುದು ಕಡ್ಡಾಯವಾಯಿತು. ಬ್ಯಾಂಕ್ ಮತ್ತು ಮೌಲ್ಯಮಾಪಕರ ನಡುವೆ ನಿಂತು ಕೆಲಸ ಹಂಚುವ ಅಪ್ರೈಸಲ್ ಮ್ಯಾನೇಜ್‌ಮೆಂಟ್ ಕಂಪನಿಗಳನ್ನೂ ಕಾಯ್ದೆ ನಿಯಂತ್ರಣದ ವ್ಯಾಪ್ತಿಗೆ ತಂದಿತು; ಅವುಗಳ ಪ್ರತ್ಯೇಕ ರಾಷ್ಟ್ರೀಯ ಪಟ್ಟಿ 2018ರಲ್ಲಿ ಆರಂಭವಾಯಿತು. ರಾಜ್ಯಗಳ ಸಾಧನೆಯನ್ನು ಅಳೆಯುವ ಮಾನದಂಡ ಸ್ಪಷ್ಟವಾಗಿಲ್ಲವೆಂದು ಒಕ್ಕೂಟದ ಲೆಕ್ಕಪರಿಶೋಧನಾ ಸಂಸ್ಥೆ 2012ರಲ್ಲಿ ಆಕ್ಷೇಪಿಸಿತು. ಸಬ್‌ಕಮಿಟಿಯ 2013ರ ಪರಿಷ್ಕೃತ ನೀತಿಯಲ್ಲಿ ರಾಜ್ಯಗಳಿಗೆ ಐದು ಹಂತದ ಶ್ರೇಣಿ ಗೊತ್ತಾಯಿತು. ದೂರುಗಳನ್ನು ಸಾಮಾನ್ಯವಾಗಿ ಒಂದು ವರ್ಷದೊಳಗೆ ಇತ್ಯರ್ಥಪಡಿಸಬೇಕೆಂಬ ನಿಯಮದ ಪಾಲನೆಯೂ ಈ ಪರಿಶೀಲನೆಯಲ್ಲಿ ಎಣಿಕೆಗೆ ಬರುತ್ತದೆ.

ಈ ಏರ್ಪಾಡಿಗೆ ಮಿತಿಯೂ ಇದೆ. ಪಟ್ಟಿಗೆ ಸೇರುವುದು ಮುಗಿದ ಪ್ರಕರಣಗಳ ತೀರ್ಮಾನ, ವಿಚಾರಣೆಯಲ್ಲಿರುವ ದೂರುಗಳಲ್ಲ. ಅಂಥ ಕಡತಗಳನ್ನು ಹಂಚಿಕೊಳ್ಳುವುದು ಆಯಾ ರಾಜ್ಯದ ಗೋಪ್ಯತಾ ಕಾನೂನಿಗೆ ಒಳಪಟ್ಟಿದೆ. ಸಾಬೀತಾಗದ ಆರೋಪದಿಂದ ಒಬ್ಬರ ಜೀವನೋಪಾಯಕ್ಕೆ ಧಕ್ಕೆಯಾಗಬಾರದೆಂಬುದು ಈ ಗೋಪ್ಯತೆಯ ಸಮರ್ಥನೆ. ತೀರ್ಮಾನ ತಡವಾದಷ್ಟೂ ನೆರೆರಾಜ್ಯ ಕತ್ತಲಲ್ಲಿರುತ್ತದೆ ಎಂಬುದು ಅದಕ್ಕೆ ಎದುರಿನ ವಾದ. ದೂರುಗಳ ಇತ್ಯರ್ಥಕ್ಕೆ ಗಡುವು ಬೇಕಾದದ್ದು ಈ ಕಾರಣದಿಂದಲೂ ಹೌದು.